ಗಾಜಿನ ಕೊಳದ ಕರೆಯದ ಅತಿಥಿಗಳು

ಹಜಾರದಲ್ಲೊಂದು ಗಾಜಿನ ತೊಟ್ಟಿ, ಅದರೊಳಗೆ ನಾಲ್ಕಾರು ಬಣ್ಣದ ಮೀನು! ಕೊಟ್ಟೂರು, ಹರಪನಹಳ್ಳಿಗಳಂತಹ ಬಯಲುಸೀಮೆಯ ಊರುಗಳಲ್ಲಿಯೂ ಮಕ್ಕಳು ಇದಕ್ಕಾಗಿ ಹಟ ಹಿಡಿಯುವುದು ಸಹಜವೇ. ಆದರೆ ಕೊಂಡು ತಂದ ಮೀನಿನೊಡನೆ ಕೊಳ್ಳದ ಜೀವಿಗಳೂ ಮನೆ ಹೊಗುವುವೆಂಬುದನ್ನು ಬಲ್ಲವರು ವಿರಳ.

ಅವುಗಳಲ್ಲಿ ಮುಖ್ಯವಾದುದು ಬಿಳಿಚುಕ್ಕೆ ರೋಗದ ಸೂಕ್ಷ್ಮಜೀವಿ. ಮೀನಿನ ಚರ್ಮದಲ್ಲಿ ಉಪ್ಪಿನ ಹರಳಿನಂತೆ ತೋರುವ ಇದು ಬಲಿತ ಮೇಲೆ ತಳಕ್ಕಿಳಿದು, ಒಡೆದು, ನೂರಾರು ಮರಿಗಳಾಗುವುದು. ಮರಿಗಳು ನೀರಿನಲ್ಲಿ ಈಜುವ ಅಲ್ಪಕಾಲದಲ್ಲಿ ಮಾತ್ರವೇ ಔಷಧಕ್ಕೆ ಸಿಕ್ಕುವುವು. ಚರ್ಮದೊಳಗಿರುವಾಗ ಮದ್ದು ತಾಗದು. ಜಲಸಸ್ಯಗಳ ಎಲೆಯಡಿಯಲ್ಲಿ ಬಸವನಹುಳುವಿನ ಲೋಳೆಮೊಟ್ಟೆಗಳು ಅಂಟಿರುವುದೂ ಉಂಟು. ಕಡಲನೀರಿನ ತೊಟ್ಟಿಯವರ ಪಾಡಂತೂ ಇನ್ನೂ ಕಷ್ಟ: ಕಲ್ಲಿಗಂಟಿ ಬರುವ ಐಪ್ಟೇಷಿಯಾ ಎಂಬ ಹೂವಿನಾಕಾರದ ಜೀವಿಯನ್ನು ಕಿತ್ತೆಸೆದರೂ ಉಳಿದ ಚೂರೇ ಮತ್ತೆ ಬೆಳೆಯುವುದು.

ಆದುದರಿಂದ ಬಾಗಿಲಲ್ಲಿಯೇ ತಡೆಯುವುದು ಜಾಣತನ. ಹೊಸ ಮೀನನ್ನು ಮೂರು ನಾಲ್ಕು ವಾರ ಬೇರೊಂದು ತೊಟ್ಟಿಯಲ್ಲಿರಿಸಿ ಗಮನಿಸತಕ್ಕದ್ದು. ಅಂಗಡಿಯ ಚೀಲದ ನೀರನ್ನು ಮನೆಯ ತೊಟ್ಟಿಗೆ ಸುರಿಯಬಾರದು. ಗಿಡಗಳನ್ನು ತೊಳೆದು, ಮೊಟ್ಟೆಗಳನ್ನು ಒರೆಸಿ ತೆಗೆದು, ಅಷ್ಟೇ ಕಾಲ ಪ್ರತ್ಯೇಕವಾಗಿಡಬೇಕು. ಎರಡು ತೊಟ್ಟಿಗಳಿಗೂ ಒಂದೇ ಬಲೆ ಸಲ್ಲದು.

ತೊಟ್ಟಿಗೇ ಇಷ್ಟು ಕಾವಲು ಬೇಕಾದರೆ ಕೆರೆಗೆ ಎಷ್ಟು ಬೇಡ? ಸಾಕಲಾರದೆ, “ಪಾಪ, ಎಲ್ಲಾದರೂ ಬದುಕಿಕೊಳ್ಳಲಿ” ಎಂದು ಮೀನನ್ನು ಕೆರೆಗೆ ಬಿಡುವವರಿದ್ದಾರೆ. ತೊಟ್ಟಿಯ ಪಾಚಿ ತಿನ್ನಲೆಂದು ಮಾರುವ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಇಂತಹ ಕರುಣೆಯಿಂದಲೇ ಭಾರತದ ಅನೇಕ ಕೆರೆ ನದಿಗಳನ್ನು ಹೊಕ್ಕಿದೆ. ದಡದ ಮಣ್ಣಿನಲ್ಲಿ ಬಿಲ ಕೊರೆದು ಮೊಟ್ಟೆಯಿಡುವ ಈ ಮೀನಿನ ಒರಟು ಕವಚ, ಮುಳ್ಳುಗಳಿಂದ ಬೆಸ್ತರ ಬಲೆಯೂ ಹರಿಯುವುದು.

ನಮ್ಮ ಸೀಮೆಗೆ ಇದು ದೂರದ ಮಾತಲ್ಲ. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ, ಹಿಂದಿನವರು ಬೇಸಾಯಕ್ಕೆಂದು ಕಟ್ಟಿದ ಕೆರೆ. ಸುಮಾರು 98 ಹೆಕ್ಟೇರುಗಳ ಈ ಜಲಾಶಯ 2017ರಲ್ಲಿ ಪಕ್ಷಿ ಸಂರಕ್ಷಣಾ ಮೀಸಲಾಯಿತು. 2024ರಲ್ಲಿ ರಾಮ್ಸರ್ ಪಟ್ಟಿಗೂ ಸೇರಿತು. ಬಣ್ಣದ ಕೊಕ್ಕರೆಗಳೇ ಮೊದಲಾದ ಸಾವಿರಾರು ಹಕ್ಕಿಗಳು ಇಲ್ಲಿ ಗೂಡುಕಟ್ಟುವುವು. ಕೊಕ್ಕರೆಯ ಮರಿಗಳಿಗೆ ಊಟ ಕೆರೆಯ ಮೀನೇ. ನಾಟಿ ಮೀನಿನ ಆಹಾರವನ್ನೂ ನೆಲೆಯನ್ನೂ ಪರದೇಶಿ ಕಸಿದುಕೊಂಡರೆ ಗೂಡಿನವರೆಗೂ ಅದರ ಬಿಸಿ ಮುಟ್ಟದಿರದು. ಅತ್ತ ಹಡಗಲಿಯ ಅಂಚಿನಲ್ಲಿ ತುಂಗಭದ್ರೆ ಹರಿಯುತ್ತಾಳೆ. ಒಮ್ಮೆ ಹೊಳೆ ಸೇರಿದ ಮೀನನ್ನು ಹಿಂದೆ ಕರೆಯುವವರಾರು?

ಬೇಡವಾದ ಮೀನನ್ನು ಅಂಗಡಿಗೋ ಸಾಕುವ ನೆರೆಯವರಿಗೋ ಕೊಡಿ. ಸಿಹಿನೀರಿನ ತೊಟ್ಟಿಯ ಹಳೆಯ ನೀರನ್ನು ಹಿತ್ತಲ ಗಿಡಕ್ಕೆ ಹಾಕಿ, ಗೊಬ್ಬರವಾದೀತು. ಕೆರೆಗೆ ಮಾತ್ರ ಬೇಡ.