ಸಿರಿವಂತರ ಮನೆಯ ಕಾಣದ ಹಿಂಸೆ

ಜೀ ಕನ್ನಡದಲ್ಲಿ ೨೦೨೪ನೆಯ ಇಸವಿ ಜನವರಿಯಲ್ಲಿ ಆರಂಭವಾದ ‘ಲಕ್ಷ್ಮೀ ನಿವಾಸ’ ಧಾರಾವಾಹಿಯನ್ನು ಹೆಮ್ಮಿಗೆಯ ಪೋಷಕರಲ್ಲಿ ಅನೇಕರು ನೋಡಿರಬಹುದು. ಅದರಲ್ಲಿ ಮಧ್ಯಮವರ್ಗದ ಮನೆಯ ಜಾಹ್ನವಿಯು ಜಯಂತನೆಂಬ ಶ್ರೀಮಂತನ ಕೈಹಿಡಿಯುವಳು. ಬಂಗಲೆಯುಂಟು, ಒಡವೆಯುಂಟು, ಆದರೆ ಅವಳು ಅನ್ಯರೊಡನೆ ನಕ್ಕು ಮಾತನಾಡುವುದನ್ನೂ ಅವನು ಸಹಿಸಲಾರನು. ಮನೆಯೊಳಗೆಲ್ಲಾ ಕ್ಯಾಮರಾಗಳ ಕಾವಲು.

“ಅವನಿಗೆ ಅವಳ ಮೇಲೆ ಎಷ್ಟು ಪ್ರೀತಿ, ಮಿಸ್!” ಎಂದು ಹತ್ತನೆಯ ತರಗತಿಯ ಬಾಲಿಕೆಯೊಬ್ಬಳು ನನ್ನೊಡನೆ ಹೇಳಿದಳು. ಆ ಮಾತಿನಿಂದುಂಟಾದ ಕಳವಳವೇ ಈ ಲೇಖನಕ್ಕೆ ಕಾರಣ.

೨೦೦೫ರಲ್ಲಿ ಅಂಗೀಕೃತವಾಗಿ ೨೦೦೬ನೆಯ ಅಕ್ಟೋಬರ್ ೨೬ರಿಂದ ಜಾರಿಗೆ ಬಂದ ಕೌಟುಂಬಿಕ ಹಿಂಸೆಯ ಕಾಯಿದೆಯು ಹೊಡೆತವೊಂದನ್ನೇ ಹಿಂಸೆಯೆಂದು ಎಣಿಸುವುದಿಲ್ಲ. ಬೈಗುಳ, ಅವಮಾನ, ಮನಸ್ಸನ್ನು ಕುಗ್ಗಿಸುವ ನಡತೆ, ಖರ್ಚಿಗೆ ಹಣ ಕೊಡದಿರುವುದು, ಸ್ತ್ರೀಧನವನ್ನು ಕಸಿದುಕೊಳ್ಳುವುದು ಇವೂ ಹಿಂಸೆಯೇ. ಇಂಥವು ಮೈಮೇಲೆ ಗುರುತು ಬಿಡುವುದಿಲ್ಲವಾದ್ದರಿಂದ, ತವರಿಗೆ ಬಂದ ಮಗಳನ್ನು “ದೊಡ್ಡ ಮನೆಯಮ್ಮಾ, ಹೊಂದಿಕೊಂಡು ಹೋಗು” ಎಂದು ನಾವೇ ಹಿಂದಕ್ಕೆ ಕಳುಹಿಸುವುದುಂಟು. ಬಡವರ ಮನೆಯ ಜಗಳವಾದರೋ ಬೀದಿಗೆ ಕೇಳಿಸುವುದು. ಬಂಗಲೆಯ ಗೋಡೆ ದಪ್ಪ.

ಮನೆಯು ಗಂಡನ ಹೆಸರಿನಲ್ಲಿದ್ದರೂ ಹೆಂಡತಿಗೆ ಅಲ್ಲಿ ವಾಸಿಸುವ ಹಕ್ಕುಂಟು. ಆಕೆ ತಾನಾಗಿಯಾಗಲಿ, ಸಂರಕ್ಷಣಾಧಿಕಾರಿಯ ಮೂಲಕವಾಗಲಿ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಕೊಡಬಹುದು; ಸಾಮಾನ್ಯವಾಗಿ ೩ ದಿನಗಳೊಳಗೆ ಮೊದಲ ವಿಚಾರಣೆ ನಿಗದಿಯಾಗಬೇಕು. ನಮ್ಮ ಹಳೆಯ ವಿದ್ಯಾರ್ಥಿನಿಯರು ೧೮೧ ಎಂಬ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಲಿ. ಅದು ಹಗಲಿರುಳೂ ನಡೆಯುವ ಮಹಿಳಾ ಸಹಾಯವಾಣಿ. ಅರ್ಜಿ ಕೊಟ್ಟೊಡನೆ ಗಂಡನು ಸೆರೆಮನೆ ಸೇರುವನೆಂಬ ಅಂಜಿಕೆಯಿಂದ ಎಷ್ಟೋ ಮಂದಿ ಸುಮ್ಮನಿರುವರು. ಈ ಕಾಯಿದೆಯಂತೆ ಅವನಿಗೆ ಶಿಕ್ಷೆಯಾಗುವುದು ನ್ಯಾಯಾಲಯದ ಸಂರಕ್ಷಣಾ ಆಜ್ಞೆಯನ್ನು ಅವನು ಮೀರಿದಾಗ ಮಾತ್ರ.