ಕೆನ್ನೆಯೊಳಗಿನ ಕದಿರು

ಲಿಂಗಸುಗೂರಿನಿಂದ ಸಿಂಧನೂರಿಗೆ ಹೊರಟ ಬಸ್ಸು ಮಸ್ಕಿ ಮುಟ್ಟುವಷ್ಟರಲ್ಲಿ ನನ್ನ ಎಡಗೆನ್ನೆ ಮೂರು ಸಲ ಕಿಟಕಿಯ ಸರಳಿಗೆ ತಾಗಿತು. ಮೂರು ಸಲವೂ ಪ್ರಾಣ ಹೋದಂತಾಯಿತು. ಎರಡು ತಿಂಗಳಿಂದ ಎಡಹೊಳ್ಳೆಯಲ್ಲಿ ಮಾತ್ರ ನೆಗಡಿ. ಬಾಗಿದರೆ ಕಣ್ಣಿನ ಕೆಳಗೆ ಭಾರ. ಇವೆಲ್ಲಕ್ಕೂ ಮಿಗಿಲಾಗಿ, ಎಲ್ಲಿಂದಲೋ ಸದಾ ಸುಳಿಯುವ ಒಂದು ದುರ್ವಾಸನೆ. ತರಗತಿಯಲ್ಲಿ ಪಂಪನ ಪದ್ಯ ಓದುವಾಗ ಮುಂದಿನ ಸಾಲಿನ ಹುಡುಗರಿಗೂ ಅದು ಬಡಿಯುತ್ತಿದೆಯೋ ಏನೋ ಎಂಬ ಅಳುಕಿನಿಂದ ದನಿಯೇ ಕುಗ್ಗಿಹೋಗಿತ್ತು. ಅವ್ವ ದಿನವೂ ಹಬೆ ಹಿಡಿಸಿದಳು. ಔಷಧದಂಗಡಿಯ ಮಾತ್ರೆ ನುಂಗುವವರೆಗೆ ಗುಣ. ನಿಲ್ಲಿಸಿದ ವಾರಕ್ಕೆ ಮತ್ತೆ ಅದೇ ಪಾಡು. ಕೊನೆಗೆ ಸಹೋದ್ಯೋಗಿಯೊಬ್ಬರು, "ಒಂದೇ ಹೊಳ್ಳೆ ಅಂತೀರಿ, ಹಲ್ಲು ತೋರಿಸೀರೇನು?" ಎಂದು ಕೇಳಿದರು.

ಸಿಂಧನೂರಿನ ದಂತವೈದ್ಯರು ಕ್ಷ-ಕಿರಣದ ಚಿತ್ರವನ್ನು ಬೆಳಕಿಗೆ ಹಿಡಿದು, "ತಕರಾರು ಮೂಗಿಂದಲ್ಲ ಸರ, ಹಲ್ಲಿಂದು" ಎಂದರು. ನನಗೆ ನಾಚಿಕೆಯಾಯಿತು. ಲಿಂಗಸುಗೂರು ತಾಲ್ಲೂಕಿನ ಹಲವು ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡು ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ಮೀರಿದೆ. ಅದನ್ನು ಕುಡಿದು ಬೆಳೆದ ನಮ್ಮ ಹಲ್ಲಿನ ಮೇಲೆ ಕಂದು ಕಲೆ ಇದ್ದೇ ಇರುತ್ತದೆ. ಅಂಥ ಕಲೆಗಳ ನಡುವೆ ಹುಳುಕು ಹಲ್ಲೊಂದು ಕಪ್ಪಾದರೆ ಯಾರು ಲೆಕ್ಕಕ್ಕೆ ತಂದುಕೊಳ್ಳುತ್ತಾರೆ?

ಕೆನ್ನೆಯೆಲುಬಿನೊಳಗೆ ಗಾಳಿ ತುಂಬಿದ ಒಂದು ಗೂಡು ಉಂಟು. ವೈದ್ಯರು ಅದನ್ನು ಸೈನಸ್ ಎನ್ನುತ್ತಾರೆ. ವಯಸ್ಕರಲ್ಲಿ ಅದು ಸುಮಾರು 15 ಮಿಲಿಲೀಟರು ಹಿಡಿಯುತ್ತದೆ. ಮೇಲಿನ ದವಡೆ ಹಲ್ಲುಗಳ ಬೇರುಗಳು ಅದರ ತಳಕ್ಕೆ ಎಷ್ಟು ಹತ್ತಿರವೆಂದರೆ, ಕೆಲವರಲ್ಲಿ ನಡುವಿನ ಎಲುಬು ಕಾಗದದಷ್ಟು ತೆಳು. ಬೇರಿನ ತುದಿಯಲ್ಲಿ ಕೀವಾದರೆ ಅದು ಮೇಲಕ್ಕೇರುವುದು ಸುಲಭ. ಇಳಿದುಹೋಗುವುದು ಮಾತ್ರ ಕಷ್ಟ: ಈ ಗೂಡಿನ ಬಾಗಿಲು ತಳದಲ್ಲಿಲ್ಲ, ಮಾಳಿಗೆಯ ಹತ್ತಿರವಿದೆ!

ಹಾಗೆ ಮೇಲೇರುವ ಸೂಕ್ಷ್ಮಜೀವಿಗಳಲ್ಲಿ ಒಂದರ ಹೆಸರು ಫ್ಯೂಸೋಬ್ಯಾಕ್ಟೀರಿಯಂ ನ್ಯೂಕ್ಲಿಯೇಟಂ. ಲ್ಯಾಟಿನ್ ಭಾಷೆಯ 'ಫ್ಯೂಸಸ್' ಎಂದರೆ ಕದಿರು. ಎರಡೂ ತುದಿ ಚೂಪಾದ ಇದರ ಆಕಾರಕ್ಕೆ ಒಪ್ಪುವ ಹೆಸರು. ಹತ್ತಿ ಬೆಳೆಯುವ ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1683ರಲ್ಲಿ ಹಾಲೆಂಡಿನ ಡೆಲ್ಫ್ಟ್ ನಗರದ ಬಟ್ಟೆ ವ್ಯಾಪಾರಿ ಲೇವನ್‌ಹುಕ್ ತನ್ನ ಹಲ್ಲಿನ ಪಾಚಿಯನ್ನು ತಾನೇ ಮಾಡಿದ ಮಸೂರದಡಿ ಇಟ್ಟು, ಅದರಲ್ಲಿ ಜೀವಿಗಳು ಓಡಾಡುವುದನ್ನು ಕಂಡು ಬೆರಗಾಗಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದನು. ನಮ್ಮ ಕದಿರು ಅದೇ ಪಾಚಿಯ ನಿವಾಸಿ. ಆರೋಗ್ಯವಂತರ ಬಾಯಲ್ಲೂ ಇರುತ್ತದೆ. ಮೊದಲು ಬಂದು ನೆಲಸಿದ ಜೀವಿಗಳಿಗೂ ಆಮೇಲೆ ಬಂದವಕ್ಕೂ ಅಂಟಿಕೊಂಡು ಸೇತುವೆಯಾಗುವುದು ಇದರ ಕಸಬು. ಪ್ರಾಣವಾಯು ಇದಕ್ಕೆ ಆಗದು. ಆದ್ದರಿಂದಲೇ ವಸಡಿನ ಸಂದು, ಸತ್ತ ಹಲ್ಲಿನ ಬೇರು, ಬಾಗಿಲು ಮುಚ್ಚಿದ ಸೈನಸ್ ಇದಕ್ಕೆ ಹಿತ. ಆಹಾರವಾಗಿ ಸಿಕ್ಕ ಪ್ರೋಟೀನಿನ ಅಂಶವನ್ನು ಒಡೆದು ಕೊಳೆತ ಮೊಟ್ಟೆಯ ವಾಸನೆಯ ಗಂಧಕದ ಅನಿಲವನ್ನು ಬಿಡುತ್ತದೆ. ನನ್ನ ಪಾಠ ಕೆಡಿಸಿದ ವಾಸನೆಯ ಮೂಲ ಇಂಥದ್ದು.

2012ರಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಗಳಲ್ಲೂ ಈ ಜೀವಿ ಹೆಚ್ಚಾಗಿರುವುದನ್ನು ಸಂಶೋಧಕರು ಕಂಡರು. ವಾಚಕರು ಬೆಚ್ಚಬೇಕಾಗಿಲ್ಲ, ಬಾಯಲ್ಲಿದ್ದ ಮಾತ್ರಕ್ಕೆ ಆ ರೋಗ ಬಂದಂತಲ್ಲ.

ಮಾತ್ರೆಯೇಕೆ ಸೋತಿತು? ಔಷಧ ರಕ್ತದೊಡನೆ ಹರಿಯುವಂಥದು. ಸತ್ತ ಹಲ್ಲಿನೊಳಗೆ ರಕ್ತವೇ ಹರಿಯುವುದಿಲ್ಲ. ಹಲ್ಲನ್ನು ಕೀಳಬೇಕು, ಇಲ್ಲವೇ ಬೇರಿನ ಕೊಳವೆಯನ್ನು ಶುದ್ಧಮಾಡಿ ತುಂಬಬೇಕು. ನನ್ನದು ಉಳಿಯುವ ಸ್ಥಿತಿಯಲ್ಲಿರಲಿಲ್ಲ.

ಕೀಳಿಸಿದ ಮೂರನೆಯ ವಾರ ಮತ್ತೆ ಅದೇ ಬಸ್ಸು. ಮಸ್ಕಿ ನಿಲ್ದಾಣದಲ್ಲಿ ಯಾರೋ ಮಿರ್ಚಿ ಭಜಿ ಕರಿಯುತ್ತಿದ್ದರು. ಬಲಹೊಳ್ಳೆಯನ್ನು ಬೆರಳಿನಿಂದ ಮುಚ್ಚಿ ನೋಡಿದೆ. ಘಮ ಹಾಗೆಯೇ ಬಂದಿತು.