ಕಚ್ಚುವುದು ನಾಯಿ, ಕಚ್ಚಿಸುವುದು ವೈರಾಣು: ಪರಾವಲಂಬಿಗಳು ಮಿದುಳನ್ನು ಆಳುವ ಬಗೆ

ನಮ್ಮ ಶಾಲೆಯ ಕಿಟಕಿಯ ಚೌಕಟ್ಟಿನಲ್ಲಿ ಪ್ರತಿವರ್ಷವೂ ಕುಂಬಾರ ಹುಳು ಮಣ್ಣಿನ ಗೂಡು ಕಟ್ಟುತ್ತದೆ. ಆ ಕಣಜವು ಹಸಿರು ಹುಳುವನ್ನು ಹೊತ್ತು ತಂದು ಗೂಡಿನೊಳಗಿರಿಸಿ ಬಾಯಿ ಮುಚ್ಚುತ್ತದೆ. ಕೆಲವು ವಾರಗಳ ಬಳಿಕ ಗೂಡಿನಿಂದ ಹೊರಬರುವುದು ಹುಳುವಲ್ಲ, ಮತ್ತೊಂದು ಕಣಜ. ಇದನ್ನು ಕಂಡ ಹಿರಿಯರು, ಹುಳುವು ಭ್ರಮರವನ್ನೇ ಧ್ಯಾನಿಸಿ ತಾನೂ ಭ್ರಮರವಾಯಿತೆಂದು ಭಾವಿಸಿ ಗುರುಶಿಷ್ಯ ಸಂಬಂಧಕ್ಕೆ ‘ಭ್ರಮರ-ಕೀಟ ನ್ಯಾಯ’ವೆಂಬ ಉಪಮೆಯನ್ನು ಕೊಟ್ಟರು. ಉಪಮೆಯಾಗಿ ಅದು ಇಂದಿಗೂ ಸೊಗಸಾದುದೇ. ಆದರೆ ಗೂಡಿನೊಳಗೆ ನಡೆಯುವುದು ಬೇರೆ. ಕಣಜವು ಹುಳುವನ್ನು ಕುಟುಕಿ ನಿಶ್ಚೇಷ್ಟಗೊಳಿಸಿ, ಗೂಡಿನಲ್ಲಿ ಮೊಟ್ಟೆಯನ್ನೂ ಇಟ್ಟಿರುತ್ತದೆ. ಮೊಟ್ಟೆಯೊಡೆದು ಬಂದ ಮರಿಯು ಆ ಜೀವಂತ ಹುಳುವನ್ನೇ ತಿಂದು ಬೆಳೆಯುತ್ತದೆ.

ಇದನ್ನು ವಿವರಿಸಿದಾಗ ತರಗತಿಯ ಹುಡುಗಿಯೊಬ್ಬಳು ಕೇಳಿದಳು: “ಹುಳು ಏಕೆ ಓಡಿಹೋಗುವುದಿಲ್ಲ?” ಪುಟ್ಟ ಪ್ರಶ್ನೆಯಾದರೂ ಅದರ ಉತ್ತರವು ಮಿದುಳಿನವರೆಗೆ ಹೋಗುತ್ತದೆ, ಕೊನೆಗೆ ನಮ್ಮ ಮನೆಯಂಗಳಕ್ಕೂ ಬರುತ್ತದೆ.

ಓಡಲಾಗದಿರುವುದು ಬೇರೆ, ಓಡಬೇಕೆನಿಸದಿರುವುದು ಬೇರೆ. ಹಸಿರು ಬಣ್ಣದಿಂದ ಮಿರುಗುವ ಆಂಪ್ಯುಲೆಕ್ಸ್ ಎಂಬ ಕಣಜವು ಜಿರಳೆಯನ್ನು ಎರಡು ಸಲ ಕುಟುಕುತ್ತದೆ. ಮೊದಲನೆಯದು ಎದೆಯ ಭಾಗಕ್ಕೆ. ಇದರಿಂದ ಮುಂಗಾಲುಗಳು ತುಸುಹೊತ್ತು ಸೋಲುತ್ತವೆ. ಎರಡನೆಯದು ನೇರವಾಗಿ ಮಿದುಳಿಗೆ. ಆ ಬಳಿಕ ಜಿರಳೆಯ ಕಾಲುಗಳಿಗೆ ಬಲ ಮರಳಿದರೂ ತಾನಾಗಿ ಹೆಜ್ಜೆಯಿಡುವ ಪ್ರೇರಣೆ ಇರುವುದಿಲ್ಲ. ನಡಿಗೆಗೆ ಚಾಲನೆ ನೀಡುವ ಆಕ್ಟೊಪಮೈನ್ ಎಂಬ ನರರಾಸಾಯನಿಕದ ಕಾರ್ಯವನ್ನು ವಿಷವು ಕುಂದಿಸುತ್ತದೆ. ಕಣಜವು ಮೀಸೆ ಹಿಡಿದು ಎಳೆದರೆ, ಹಗ್ಗ ಕಟ್ಟಿದ ದನದಂತೆ ಜಿರಳೆ ಬಿಲದೊಳಕ್ಕೆ ನಡೆದುಹೋಗುತ್ತದೆ.

ಬೇರೊಂದು ಜೀವಿಯನ್ನು ಆಶ್ರಯಿಸಿ ಅದರಿಂದಲೇ ಪೋಷಣೆ ಪಡೆಯುವುದು ಪರಾವಲಂಬಿ. ಆಶ್ರಯ ಕೊಟ್ಟದ್ದು ಆತಿಥೇಯ. ಕೆಲವು ಪರಾವಲಂಬಿಗಳು ಪೋಷಣೆಯಿಂದಷ್ಟೇ ತೃಪ್ತವಾಗುವುದಿಲ್ಲ. ತಮ್ಮ ಸಂತತಿ ಹರಡಲು ನೆರವಾಗುವಂತೆ ಆತಿಥೇಯದ ನಡವಳಿಕೆಯನ್ನೂ ಬದಲಿಸುತ್ತವೆ.

ಉಷ್ಣವಲಯದ ಕಾಡುಗಳಲ್ಲಿ ಒಫಿಯೊಕಾರ್ಡಿಸೆಪ್ಸ್ ಎಂಬ ಶಿಲೀಂಧ್ರವು ಬಡಗಿ ಇರುವೆಗಳಿಗೆ ತಗಲುತ್ತದೆ. ಸೋಂಕಿತ ಇರುವೆ ಗೂಡು ತೊರೆದು ಗಿಡವೇರಿ, ಎಲೆಯ ಅಡಿಭಾಗದ ನರವನ್ನು ಕಚ್ಚಿ ಹಿಡಿದು ಅಲ್ಲಿಯೇ ಸಾಯುತ್ತದೆ. ಥೈಲ್ಯಾಂಡಿನ ಕಾಡಿನಲ್ಲಿ ಅಳೆದಾಗ ಇಂತಹ ಎಲೆಗಳು ನೆಲದಿಂದ ಸುಮಾರು 25 ಸೆಂಟಿಮೀಟರ್ ಎತ್ತರದಲ್ಲಿದ್ದವು. ಶಿಲೀಂಧ್ರದ ಬೆಳವಣಿಗೆಗೆ ಹಿತವಾದ ತೇವವಿರುವುದು ಅಲ್ಲಿಯೇ. ಬಳಿಕ ಇರುವೆಯ ತಲೆಯ ಹಿಂಬದಿಯಿಂದ ಕಾಂಡವೊಂದು ಮೊಳೆತು, ಕೆಳಗೆ ಓಡಾಡುವ ಇರುವೆಗಳ ಮೇಲೆ ಬೀಜಾಣುಗಳನ್ನು ಉದುರಿಸುತ್ತದೆ. 2017ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಸೋಂಕಿತ ಇರುವೆಗಳನ್ನು ಪರೀಕ್ಷಿಸಿದಾಗ, ಶಿಲೀಂಧ್ರದ ಕೋಶಗಳು ಸ್ನಾಯುಗಳನ್ನು ಬಲೆಯಂತೆ ಸುತ್ತಿದ್ದರೂ ಮಿದುಳಿನೊಳಗೆ ಹೊಕ್ಕಿರಲಿಲ್ಲ. ಆಳುವುದಕ್ಕೆ ಸಿಂಹಾಸನವನ್ನೇ ಏರಬೇಕೆಂದಿಲ್ಲ.

ಇನ್ನೊಂದು ನಿದರ್ಶನ ಇಲಿಯದು. ಟಾಕ್ಸೊಪ್ಲಾಸ್ಮಾ ಎಂಬ ಏಕಕೋಶ ಜೀವಿಯು ತನ್ನ ಲೈಂಗಿಕ ಸಂತಾನೋತ್ಪತ್ತಿಯನ್ನು ಬೆಕ್ಕಿನ ಜಾತಿಯ ಪ್ರಾಣಿಗಳ ಕರುಳಿನಲ್ಲಿ ಮಾತ್ರ ನಡೆಸಬಲ್ಲುದು. ಇಲಿಯಲ್ಲಿರುವ ಟಾಕ್ಸೊಪ್ಲಾಸ್ಮಾ ಅಲ್ಲಿಗೆ ಸೇರಬೇಕಾದರೆ ಬೆಕ್ಕು ಆ ಇಲಿಯನ್ನು ತಿನ್ನಬೇಕು. ಆರೋಗ್ಯವಂತ ಇಲಿಯು ಬೆಕ್ಕಿನ ಮೂತ್ರದ ವಾಸನೆ ಬಂದೊಡನೆ ದೂರ ಸರಿಯುತ್ತದೆ. ಸೋಂಕಿತ ಇಲಿಗಳು ಈ ಭಯವನ್ನು ಕಳೆದುಕೊಳ್ಳುತ್ತವೆ, ಕೆಲವು ಆ ವಾಸನೆಯ ಕಡೆಗೇ ಸಾಗುತ್ತವೆ ಎಂಬುದನ್ನು ಆಕ್ಸ್‌ಫರ್ಡಿನ ಸಂಶೋಧಕರು 2000ದಲ್ಲಿ ಪ್ರಕಟಿಸಿದರು.

ಇವೆಲ್ಲ ದೂರದ ಸಂಗತಿಗಳೆನಿಸಬಹುದು. ಆದರೆ ಇದೇ ತತ್ತ್ವವು ಅತ್ಯಂತ ಭೀಕರವಾಗಿ ಕಾಣಿಸಿಕೊಳ್ಳುವುದು ನಮ್ಮ ಬೀದಿಯ ಹುಚ್ಚುನಾಯಿಯಲ್ಲಿ. ರೇಬೀಸ್ ವೈರಾಣುವು ಹುಳುವೂ ಅಲ್ಲ, ಶಿಲೀಂಧ್ರವೂ ಅಲ್ಲ. ಆದರೂ ಅನ್ಯ ಜೀವಿಯ ಕೋಶದೊಳಗಲ್ಲದೆ ಬೇರೆಲ್ಲಿಯೂ ವೃದ್ಧಿಯಾಗಲಾರದ ಅದು ಪೂರ್ಣ ಪರಾವಲಂಬಿಯೇ. ಕಚ್ಚಿದ ಗಾಯದ ಮೂಲಕ ಒಳಹೊಕ್ಕು, ನರತಂತುಗಳನ್ನು ಹಿಡಿದು ಮಿದುಳುಬಳ್ಳಿಗೂ ಅಲ್ಲಿಂದ ಮಿದುಳಿಗೂ ಏರುತ್ತದೆ. ಮಿದುಳಿನಲ್ಲಿ ವೃದ್ಧಿಯಾಗಿ, ನರಗಳ ಮೂಲಕವೇ ಜೊಲ್ಲುಗ್ರಂಥಿಗೆ ಇಳಿಯುತ್ತದೆ. ಸೌಮ್ಯವಾಗಿದ್ದ ನಾಯಿ ಕೆರಳಿ ಕಚ್ಚತೊಡಗುತ್ತದೆ. ಗಂಟಲಿನ ಸ್ನಾಯುಗಳು ಸೆಟೆದು ನುಂಗಲಾಗದೆ ಜೊಲ್ಲು ಬಾಯಲ್ಲೇ ಉಳಿಯುತ್ತದೆ. ಆ ಜೊಲ್ಲಿನಲ್ಲಿಯೇ ವೈರಾಣು ಇದೆ. ಕಚ್ಚಿದರೆ ಸಾಕು, ಅದು ಮುಂದಿನ ಜೀವಿಗೆ ದಾಟುತ್ತದೆ. ಎಲ್ಲ ನಾಯಿಗಳೂ ಹೀಗೆ ಕೆರಳುವುದಿಲ್ಲ. ಕೆಲವು ಮಂಕಾಗಿ ಮೂಲೆ ಸೇರುತ್ತವೆ, ಅವೂ ಅಷ್ಟೇ ಅಪಾಯಕಾರಿ.

ಈ ಪಯಣಕ್ಕೆ ಹಿಡಿಯುವ ಸಮಯವೇ ನಮಗಿರುವ ಅವಕಾಶ. ಮನುಷ್ಯರಲ್ಲಿ ರೋಗಲಕ್ಷಣ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಬೇಕು. ಕೆಲವೊಮ್ಮೆ ಒಂದೇ ವಾರ ಸಾಕು. ವೈರಾಣು ನರವ್ಯೂಹವನ್ನು ತಲಪುವ ಮೊದಲೇ ಲಸಿಕೆಯು ದೇಹದಲ್ಲಿ ಪ್ರತಿರೋಧ ಬೆಳೆಸಿದರೆ ಜೀವ ಉಳಿಯುತ್ತದೆ. ಲಕ್ಷಣ ಕಾಣಿಸಿದ ಮೇಲೆ ಬದುಕುಳಿಯುವುದು ಅತಿ ಅಪರೂಪ. 1885ರಲ್ಲಿ ಲೂಯಿ ಪಾಶ್ಚರ್ ಬಾಲಕನೊಬ್ಬನಿಗೆ ಲಸಿಕೆ ನೀಡಿ ತೋರಿಸಿಕೊಟ್ಟದ್ದು ಈ ದಾರಿಯನ್ನೇ. ನಮ್ಮ ನೀಲಗಿರಿಯ ಕೂನೂರಿನಲ್ಲಿ 1907ರಲ್ಲಿ ಆರಂಭವಾದ ಪಾಶ್ಚರ್ ಸಂಸ್ಥೆಯೂ ಈ ಲಸಿಕೆಗಾಗಿಯೇ ಹೆಸರಾಯಿತು.

ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಬಾಲಕನೊಬ್ಬ ಬೈಗುಳಕ್ಕೆ ಹೆದರಿ ನಾಯಿ ಕಚ್ಚಿದ್ದನ್ನು ಎರಡು ದಿನ ಮುಚ್ಚಿಟ್ಟಿದ್ದ. ತಿಳಿದೊಡನೆ ಲಸಿಕೆ ಹಾಕಿಸಿದೆವು. ಆದರೆ ಚೀಟಿಯಲ್ಲಿದ್ದ ಲಿಪಿಯನ್ನು ಅವನ ತಾಯಿಗೆ ಓದಲು ಬಾರದೆ, ಮುಂದಿನ ಚುಚ್ಚುಮದ್ದಿನ ದಿನವೇ ತಪ್ಪುವುದರಲ್ಲಿತ್ತು. ಗಡಿಯಾಚೆಗಿನ ಕನ್ನಡ ಕುಟುಂಬಗಳಿಗೆ ಇದು ಹೊಸ ಅನುಭವವೇನಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ರೇಬೀಸಿಗೆ ಬಲಿಯಾಗುವವರಲ್ಲಿ ಸುಮಾರು ಶೇಕಡಾ 40ರಷ್ಟು ಮಂದಿ 15 ವರ್ಷದೊಳಗಿನ ಮಕ್ಕಳು. ಆದುದರಿಂದ ಪೋಷಕರಲ್ಲಿ ಕೆಲವು ವಿನಂತಿಗಳಿವೆ.

ಕಚ್ಚಿದ ಗಾಯವನ್ನು ಕೂಡಲೇ ಹರಿಯುವ ನೀರು ಮತ್ತು ಸಾಬೂನಿನಿಂದ 15 ನಿಮಿಷ ತೊಳೆಯಿರಿ. ಸುಣ್ಣ, ಮೆಣಸಿನಪುಡಿ, ಅರಿಶಿನ ಹಚ್ಚಬೇಡಿ. ಪರಚಿದ ಗಾಯವನ್ನೂ, ಗಾಯದ ಮೇಲೆ ನಾಯಿ ನೆಕ್ಕಿದ್ದನ್ನೂ ಕಡೆಗಣಿಸಬೇಡಿ. ಅಂದೇ ವೈದ್ಯರನ್ನು ಕಾಣಿರಿ; ಗಾಯ ಆಳವಾಗಿದ್ದರೆ ಲಸಿಕೆಯೊಡನೆ ಇಮ್ಯುನೊಗ್ಲಾಬ್ಯುಲಿನ್ ಕೂಡ ಅಗತ್ಯ. ಹೊಕ್ಕುಳಿನ ಸುತ್ತ ಹದಿನಾಲ್ಕು ಚುಚ್ಚುಮದ್ದೆಂಬ ಹಳೆಯ ಭಯ ಬೇಡ. ಇಂದು ಲಸಿಕೆ ಕೊಡುವುದು ತೋಳಿಗೆ. ಮೊದಲ ದಿನವನ್ನು ಸೊನ್ನೆಯೆಂದು ಎಣಿಸಿ ಚರ್ಮದೊಳಗಿನ ಲಸಿಕೆಯಾದರೆ 3, 7, 28ನೆಯ ದಿನಗಳಲ್ಲಿ, ಸ್ನಾಯುವಿಗಾದರೆ 14ನೆಯ ದಿನವೂ ಸೇರಿ ಹಾಕಿಸಬೇಕು. ಆ ದಿನಾಂಕಗಳನ್ನು ವೈದ್ಯರಿಂದ ಕೇಳಿ ತಿಳಿದು, ಮನೆಯ ಕ್ಯಾಲೆಂಡರಿನಲ್ಲಿ ಕನ್ನಡದಲ್ಲಿಯೇ ಬರೆದಿಡಿ.

ಕೊನೆಯದಾಗಿ, ಕಚ್ಚಿಸಿಕೊಂಡು ಬಂದ ಮಗುವನ್ನು ಗದರಿಸಬೇಡಿ. ಗದರಿದರೆ ಅದು ಮುಂದಿನ ಬಾರಿ ಗಾಯವನ್ನು ಮುಚ್ಚಿಡುತ್ತದೆ. ಇಂದು ಸಂಜೆ ಮಕ್ಕಳನ್ನು ಬಳಿಯಲ್ಲಿ ಕೂರಿಸಿಕೊಂಡು ಈ ಮಾತುಗಳನ್ನು ಓದಿ ಹೇಳಿರಿ.